ವಿಧಾನದಿಂದ ವಿವೇಚನೆಗೆ: ದಕ್ಷಿಣ ಭಾರತದಲ್ಲಿ ಇಂಗ್ಲಿಷ್ ಅಧ್ಯಾಪಕರ ತರಬೇತಿಯ ಚರಿತ್ರೆ

ಕನ್ನಡ ನಾಡಿನಲ್ಲಿ ಇಂಗ್ಲಿಷ್ ಶಿಕ್ಷಣವನ್ನು ಕುರಿತು ನಡೆದಿರುವ ಚರ್ಚೆಯ ಬಹುಪಾಲು ಮಾಧ್ಯಮದ ಪ್ರಶ್ನೆಯನ್ನೇ ಕೇಂದ್ರವಾಗಿ ಇರಿಸಿಕೊಂಡಿದೆ. ಇಂಗ್ಲಿಷ್ ಬೇಕೆ, ಬೇಡವೆ. ಬೇಕಾದರೆ ಯಾವ ತರಗತಿಯಿಂದ. ಅದು ಮಾಧ್ಯಮವಾಗಿರಬೇಕೆ, ಕೇವಲ ಒಂದು ವಿಷಯವಾಗಿರಬೇಕೆ ಎಂಬ ಪ್ರಶ್ನೆಗಳು ಸರ್ಕಾರದ ಆದೇಶಗಳಲ್ಲಿ, ನ್ಯಾಯಾಲಯಗಳ ತೀರ್ಪುಗಳಲ್ಲಿ, ಚಳವಳಿಗಳ ಘೋಷಣೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಆದರೆ ಈ ಭಾಷೆಯನ್ನು ತರಗತಿಯಲ್ಲಿ ನಿಂತು ಕಲಿಸಬೇಕಾದ ಅಧ್ಯಾಪಕನು ಹೇಗೆ ಸಿದ್ಧನಾದನು, ಅವನನ್ನು ಸಿದ್ಧಗೊಳಿಸಿದವರು ಅವನಿಂದ ಏನನ್ನು ನಿರೀಕ್ಷಿಸಿದರು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಅತ್ಯಲ್ಪ. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಬೆಂಗಳೂರನ್ನು ಕೇಂದ್ರವಾಗಿಸಿಕೊಂಡು, 1950ರ ದಶಕದಿಂದ ಈಚೆಗೆ ನಡೆದ ತರಬೇತಿಯ ಪ್ರಯತ್ನಗಳನ್ನು ಕ್ರಮವಾಗಿ ಪರಿಶೀಲಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಧ್ಯಾಪಕನು ಸಿದ್ಧ ವಿಧಾನವೊಂದರ ವಾಹಕನೋ ಅಥವಾ ತನ್ನ ತರಗತಿಯನ್ನು ಕುರಿತು ಸ್ವತಃ ಚಿಂತಿಸಬಲ್ಲ ವೃತ್ತಿನಿರತನೋ ಎಂಬ ಪ್ರಶ್ನೆಯೇ ಈ ಚರಿತ್ರೆಯ ಒಳತಿರುಳಾಗಿದೆ.

ಪಾಂಡಿತ್ಯವೇ ಅರ್ಹತೆಯಾಗಿದ್ದ ಕಾಲ

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ರಾಜಾ ಶಾಲೆಯಿಂದ ಮೊದಲುಗೊಂಡು, ಮಿಷನರಿಗಳ ಹಾಗೂ ಸರ್ಕಾರದ ಶಾಲೆಗಳ ಮೂಲಕ, ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷ್ ಶಿಕ್ಷಣವು ಕನ್ನಡ ಪ್ರದೇಶಗಳಲ್ಲಿ ಬೇರೂರಿತು. 1854ರ ವುಡ್ಸ್ ಶಿಕ್ಷಣ ಪತ್ರವು ಅಧ್ಯಾಪಕರ ತರಬೇತಿಗಾಗಿ ನಾರ್ಮಲ್ ಶಾಲೆಗಳ ಅಗತ್ಯವನ್ನು ಒತ್ತಿ ಹೇಳಿತು. ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಮೊದಲಾದ ಜಿಲ್ಲೆಗಳ ಪಾಲಿಗೆ ಸೈದಾಪೇಟೆಯ ತರಬೇತಿ ಕಾಲೇಜಿನ ಎಲ್.ಟಿ. ಪದವಿಯು ಪ್ರೌಢಶಾಲಾ ಅಧ್ಯಾಪಕನ ಪ್ರತಿಷ್ಠೆಯ ಗುರುತಾಗಿತ್ತು. ಆದರೆ ಇಂತಹ ತರಬೇತಿಯಲ್ಲಿ ಇಂಗ್ಲಿಷನ್ನು ಒಂದು ಅನ್ಯಭಾಷೆಯನ್ನಾಗಿ ಕಲಿಸುವ ಕೌಶಲಕ್ಕೆ ಇಂದಿನ ಅರ್ಥದ ಪ್ರತ್ಯೇಕ ಸ್ಥಾನವಿರಲಿಲ್ಲ. ಇಂಗ್ಲಿಷ್ ಬಲ್ಲವನು ಇಂಗ್ಲಿಷ್ ಕಲಿಸಬಲ್ಲನು ಎಂಬುದು ಅಂದಿನ ಸಾಮಾನ್ಯ ನಂಬಿಕೆಯಾಗಿತ್ತು.

ಈ ನಂಬಿಕೆಗೆ ಒಂದು ಕಾರಣವೂ ಇತ್ತು. ಪ್ರೌಢಶಾಲೆಯಲ್ಲಿ ಗಣಿತ, ಇತಿಹಾಸ, ವಿಜ್ಞಾನಗಳೆಲ್ಲವೂ ಇಂಗ್ಲಿಷಿನಲ್ಲಿಯೇ ನಡೆಯುತ್ತಿದ್ದಾಗ ವಿದ್ಯಾರ್ಥಿಯು ದಿನದ ಬಹುಭಾಗ ಆ ಭಾಷೆಯನ್ನು ಕೇಳುತ್ತಿದ್ದನು, ಓದುತ್ತಿದ್ದನು, ಬರೆಯುತ್ತಿದ್ದನು. ಭಾಷಾ ಬೋಧನೆಯ ಕೊರತೆಯನ್ನು ಉಳಿದ ವಿಷಯಗಳ ಬೋಧನೆಯು ತುಂಬಿಕೊಡುತ್ತಿತ್ತು. ಮೇಲಾಗಿ ಅಂದಿನ ಪ್ರೌಢಶಾಲೆಯನ್ನು ತಲುಪುತ್ತಿದ್ದವರು ಸಮಾಜದ ಒಂದು ಸಣ್ಣ ವರ್ಗಕ್ಕೆ ಸೇರಿದವರು. ಕಾಲೇಜುಗಳಲ್ಲಿಯಂತೂ ಅಧ್ಯಾಪಕನಿಗೆ ತರಬೇತಿಯ ಅಗತ್ಯವಿದೆ ಎಂಬ ಭಾವನೆಯೇ ಇರಲಿಲ್ಲ. ಬಿ.ಎಂ. ಶ್ರೀಕಂಠಯ್ಯ, ಎಸ್.ವಿ. ರಂಗಣ್ಣ, ಎ.ಎನ್. ಮೂರ್ತಿರಾವ್ ಮೊದಲಾದ ಇಂಗ್ಲಿಷ್ ಪ್ರಾಧ್ಯಾಪಕರು ಆಧುನಿಕ ಕನ್ನಡ ಸಾಹಿತ್ಯವನ್ನು ಕಟ್ಟಿದವರಲ್ಲಿ ಪ್ರಮುಖರು. ಅವರ ತರಗತಿಯ ಹಿರಿಮೆಯು ಸಾಹಿತ್ಯದ ಆಸ್ವಾದನೆಯಲ್ಲಿತ್ತು. ಭಾಷೆಯನ್ನು ಕಲಿಸುವ ಭಾರವು ಪ್ರೌಢಶಾಲೆಯಲ್ಲಿಯೇ ಇಳಿದುಹೋಗಿದೆ ಎಂಬುದು ಆ ವ್ಯವಸ್ಥೆಯ ಪೂರ್ವಗ್ರಹಿಕೆಯಾಗಿತ್ತು.

ಈ ಪೂರ್ವಗ್ರಹಿಕೆಯನ್ನು ಮೊದಲಿಗೆ ಗಂಭೀರವಾಗಿ ಪ್ರಶ್ನಿಸಿದವರಲ್ಲಿ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೇಲ್ ವೆಸ್ಟ್ ಒಬ್ಬರು. ಬಂಗಾಳದ ಸ್ಥಿತಿಯನ್ನು ಆಧರಿಸಿ ದ್ವಿಭಾಷಿಕತೆಯನ್ನು ಕುರಿತು 1926ರಲ್ಲಿ ಅವರು ಪ್ರಕಟಿಸಿದ ಅಧ್ಯಯನವು ಬಂಗಾಳಿ ಬಾಲಕನಿಗೆ ಇಂಗ್ಲಿಷಿನ ಯಾವ ಭಾಗ, ಯಾವ ಉದ್ದೇಶಕ್ಕಾಗಿ ಬೇಕು ಎಂದು ಕೇಳಿತು. ಓದುವಿಕೆಗೆ ಆದ್ಯತೆ, ಪರಿಮಿತ ಶಬ್ದಸಂಪತ್ತು, ಹಂತಹಂತದ ವಾಚಿಕೆಗಳು ಎಂಬ ಅವರ ಸೂತ್ರಗಳನ್ನು ಎಲ್ಲರೂ ಒಪ್ಪಲಿಲ್ಲ. ಆದರೆ ಬೋಧನೆಯ ಕ್ರಮವು ಸ್ಥಳೀಯ ವಿದ್ಯಾರ್ಥಿಯ ಸ್ಥಿತಿಯ ಅಧ್ಯಯನದಿಂದ ಹೊರಡಬೇಕು ಎಂಬ ಅವರ ನಿಲುವು ಮುಂದಿನ ಕಾಲಕ್ಕೆ ಬಹುಮುಖ್ಯವಾದುದು.

ದೇಶಭಾಷಾ ಮಾಧ್ಯಮ ಮತ್ತು ಹೊಸ ವೃತ್ತಿಯ ಉದಯ

ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ಪ್ರೌಢಶಾಲೆಯ ಮಾಧ್ಯಮವು ಇಂಗ್ಲಿಷಿನಿಂದ ದೇಶಭಾಷೆಗಳಿಗೆ ಬದಲಾಗತೊಡಗಿತು. ಇಡೀ ದಿನವನ್ನು ಆವರಿಸಿಕೊಂಡಿದ್ದ ಇಂಗ್ಲಿಷು ವೇಳಾಪಟ್ಟಿಯ ಒಂದು ಅವಧಿಗೆ ಸೀಮಿತವಾಯಿತು. ಅದೇ ಸಮಯದಲ್ಲಿ ಶಾಲೆಯ ಬಾಗಿಲು ಹೊಸ ಸಮುದಾಯಗಳಿಗೆ ತೆರೆಯಿತು. ಉನ್ನತ ಶಿಕ್ಷಣದಲ್ಲಿ ಮಾತ್ರ ಇಂಗ್ಲಿಷಿನ ಅಗತ್ಯ ಉಳಿದೇ ಇತ್ತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ನೇಮಿಸಿದ್ದ ಹೃದಯನಾಥ ಕುಂಜ್ರು ಸಮಿತಿಯು 1957ರಲ್ಲಿ ನೀಡಿದ ವರದಿಯು ಈ ಇಕ್ಕಟ್ಟನ್ನು ಗುರುತಿಸಿ, ಇಂಗ್ಲಿಷನ್ನು ಎರಡನೆಯ ಭಾಷೆಯನ್ನಾಗಿ ಸಮರ್ಪಕವಾಗಿ ಕಲಿಸುವ ಏರ್ಪಾಡಿನ ಅಗತ್ಯವನ್ನು ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಇಂಗ್ಲಿಷ್ ಬೋಧನೆಯು ವಿಶೇಷ ತರಬೇತಿಯನ್ನು ಬೇಡುವ ಒಂದು ವೃತ್ತಿ ಎಂಬ ಅರಿವು ಮೂಡಿದ್ದು ಇಂಗ್ಲಿಷಿನ ಪ್ರಾಬಲ್ಯದ ಕಾಲದಲ್ಲಲ್ಲ. ದೇಶಭಾಷೆಗಳು ಶಾಲೆಯಲ್ಲಿ ತಮ್ಮ ಸಹಜ ಸ್ಥಾನವನ್ನು ಪಡೆಯತೊಡಗಿದ ಕಾಲದಲ್ಲಿ. ಈ ಅರ್ಥದಲ್ಲಿ ಇಂಗ್ಲಿಷ್ ಅಧ್ಯಾಪಕರ ತರಬೇತಿಯು ಕನ್ನಡ ಮಾಧ್ಯಮದ ವಿರೋಧಿಯಲ್ಲ, ಅದರ ಜೊತೆಯಲ್ಲಿ ಹುಟ್ಟಿದ್ದು. ಎರಡನ್ನೂ ಎದುರುಬದುರಾಗಿ ನಿಲ್ಲಿಸುವ ಇಂದಿನ ವಾದಗಳಲ್ಲಿ ಈ ಚಾರಿತ್ರಿಕ ಸಂಬಂಧವು ಮರೆಯಾಗಿದೆ.

1954ರಲ್ಲಿ ಬ್ರಿಟಿಷ್ ಕೌನ್ಸಿಲಿನ ಸಹಕಾರದೊಡನೆ ಅಲಹಾಬಾದಿನಲ್ಲಿ ಇಂಗ್ಲಿಷ್ ಭಾಷಾ ಬೋಧನ ಸಂಸ್ಥೆಯು ಆರಂಭವಾಯಿತು. 1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸ್ಥಾಪನೆಗೊಂಡಿತು. ಫೋರ್ಡ್ ಪ್ರತಿಷ್ಠಾನದ ನೆರವೂ ಬ್ರಿಟಿಷ್ ಕೌನ್ಸಿಲಿನ ಸಹಕಾರವೂ ಅದಕ್ಕೆ ದೊರೆತವು. 1963ರಲ್ಲಿ ದಕ್ಷಿಣದ ನಾಲ್ಕು ರಾಜ್ಯಗಳ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ಅಸ್ತಿತ್ವಕ್ಕೆ ಬಂದಿತು. ಹೀಗೆ ಒಂದು ದಶಕದ ಅವಧಿಯಲ್ಲಿ ಇಂಗ್ಲಿಷ್ ಬೋಧನೆಗೆ ತನ್ನದೇ ಆದ ಸಂಸ್ಥೆಗಳು, ಪರಿಭಾಷೆ ಹಾಗೂ ಪರಿಣತರ ವರ್ಗವು ರೂಪುಗೊಂಡವು.

ಮದರಾಸಿನ ಹಿಮದುಂಡೆ

ಈ ಸಂಸ್ಥೆಗಳ ಮುಂದಿದ್ದ ಬೋಧನಕ್ರಮವು ರಚನಾತ್ಮಕ ವಿಧಾನವೆಂದು ಪ್ರಸಿದ್ಧವಾದುದು. ಭಾಷೆಯನ್ನು ಮೂಲಭೂತ ವಾಕ್ಯರಚನೆಗಳಾಗಿ ವಿಂಗಡಿಸಿ, ಸುಲಭದಿಂದ ಕಠಿಣಕ್ಕೆ ಅವುಗಳನ್ನು ಜೋಡಿಸಿ, ಒಂದೊಂದನ್ನೂ ಸನ್ನಿವೇಶದ ಮೂಲಕ ಪರಿಚಯಿಸಿ, ಬಾಯಿಪಾಠದಿಂದ ದೃಢಗೊಳಿಸುವುದು ಅದರ ಸಾರ. ಅಧ್ಯಾಪಕನು ಪುಸ್ತಕವನ್ನು ಎತ್ತಿ ಹಿಡಿದು ‘ದಿಸ್ ಈಸ್ ಎ ಬುಕ್’ ಎನ್ನುವುದು, ಬಾಗಿಲಿನತ್ತ ನಡೆಯುತ್ತಾ ‘ಐ ಆ್ಯಮ್ ವಾಕಿಂಗ್ ಟು ದ ಡೋರ್’ ಎನ್ನುವುದು, ತರಗತಿಯು ಒಕ್ಕೊರಲಿನಿಂದ ಅದನ್ನು ಅನುಸರಿಸುವುದು ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಪರಿಚಿತವಾದ ದೃಶ್ಯ. ಅದುವರೆಗೆ ವ್ಯಾಕರಣದ ನಿಯಮ ಮತ್ತು ಭಾಷಾಂತರಗಳಲ್ಲಿಯೇ ಮುಳುಗಿದ್ದ ತರಗತಿಯಲ್ಲಿ ಇಂಗ್ಲಿಷ್ ಮಾತು ಕೇಳಿಬರುವಂತೆ ಮಾಡಿದ್ದು ಈ ವಿಧಾನದ ನಿಜವಾದ ಸಾಧನೆ.

ಆದರೆ ಹೊಸ ವಿಧಾನವನ್ನು ಸಹಸ್ರಾರು ಪ್ರಾಥಮಿಕ ಶಾಲೆಗಳಿಗೆ ತಲುಪಿಸುವುದು ಹೇಗೆ? ಮದರಾಸು ರಾಜ್ಯದಲ್ಲಿ 1950ರ ದಶಕದ ಕೊನೆಯಲ್ಲಿ ಆರಂಭವಾದ ಬೃಹತ್ ಕಾರ್ಯಾಚರಣೆಯು ಈ ಪ್ರಶ್ನೆಗೆ ಒಂದು ಉತ್ತರವನ್ನು ಕಂಡುಕೊಂಡಿತು. ಆರಂಭದ ತರಗತಿಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದ ಸುಮಾರು 27,000 ಅಧ್ಯಾಪಕರಿಗೆ ಮರುತರಬೇತಿ ನೀಡುವುದು ಅದರ ಗುರಿಯಾಗಿತ್ತು. ಮೊದಲು ಒಂದು ಸಣ್ಣ ತಂಡಕ್ಕೆ ತರಬೇತಿ, ಆ ತಂಡದವರಿಂದ ಜಿಲ್ಲೆಗಳಲ್ಲಿ ಇನ್ನಷ್ಟು ಜನರಿಗೆ, ಅವರಿಂದ ಮತ್ತಷ್ಟು ಜನರಿಗೆ ತರಬೇತಿ ಎಂಬ ಈ ಯೋಜನೆಯು, ಉರುಳುತ್ತ ಹೋದಂತೆ ದೊಡ್ಡದಾಗುವ ಹಿಮದುಂಡೆಯ ಹೋಲಿಕೆಯಿಂದ ‘ಮದರಾಸ್ ಸ್ನೋಬಾಲ್’ ಎಂಬ ಹೆಸರನ್ನು ಪಡೆಯಿತು.

ಗಣಿತದ ದೃಷ್ಟಿಯಿಂದ ಈ ಏರ್ಪಾಡು ಆಕರ್ಷಕವಾದುದು. ಒಬ್ಬ ತರಬೇತುದಾರನು ಮೂವತ್ತು ಮಂದಿಯನ್ನು ಸಿದ್ಧಗೊಳಿಸಿದರೆ, ಅವರಲ್ಲಿ ಪ್ರತಿಯೊಬ್ಬನೂ ಮತ್ತೆ ಮೂವತ್ತು ಮಂದಿಯನ್ನು ಸಿದ್ಧಗೊಳಿಸಿದರೆ, ಮೂರನೆಯ ಹಂತದಲ್ಲಿಯೇ 27,000 ಎಂಬ ಸಂಖ್ಯೆಯನ್ನು ಮುಟ್ಟಬಹುದು. ಆದರೆ ತರಬೇತಿಯು ಸಂಖ್ಯೆಯಂತೆ ಗುಣಿತವಾಗುವುದಿಲ್ಲ. ಮೊದಲ ಹಂತದಲ್ಲಿ ವಿಧಾನದ ಹಿಂದಿನ ಕಾರಣಗಳ ಚರ್ಚೆ ನಡೆಯುತ್ತದೆ. ಎರಡನೆಯ ಹಂತಕ್ಕೆ ಕಾರಣಗಳ ಸಾರಾಂಶ ತಲುಪುತ್ತದೆ. ಕೊನೆಯ ಹಂತದ ಅಧ್ಯಾಪಕನಿಗೆ ಉಳಿಯುವುದು ಮಾಡಬೇಕಾದ ಕ್ರಿಯೆಗಳ ಪಟ್ಟಿ ಮಾತ್ರ. ಪುಸ್ತಕವನ್ನು ಎತ್ತಿ ಹಿಡಿಯಬೇಕು ಎಂಬುದು ಅವನಿಗೆ ತಿಳಿದಿರುತ್ತದೆ. ಏಕೆ ಹಿಡಿಯಬೇಕು, ಯಾವಾಗ ಹಿಡಿಯಬೇಕಾಗಿಲ್ಲ ಎಂಬುದು ತಿಳಿದಿರುವುದಿಲ್ಲ. ಕಾರಣವನ್ನು ಅರಿಯದೆ ಕ್ರಿಯೆಯನ್ನು ಮಾತ್ರ ಪಡೆದವನು ಅನಿರೀಕ್ಷಿತ ಪ್ರಶ್ನೆಯೊಂದು ಎದುರಾದೊಡನೆ ಹಳೆಯ ಭಾಷಾಂತರ ಪದ್ಧತಿಗೆ ಮರಳುವುದು ಸ್ವಾಭಾವಿಕ. ಅದನ್ನು ಅಧ್ಯಾಪಕನ ಸೋಮಾರಿತನವೆಂದು ಭಾವಿಸುವುದಕ್ಕಿಂತ ತರಬೇತಿಯ ರಚನೆಯಲ್ಲಿಯೇ ಇದ್ದ ದೋಷವೆಂದು ಗುರುತಿಸುವುದು ಯುಕ್ತ.

ಗೋಕಾಕರ ಎರಡು ಹೊಣೆಗಳು

ಈ ಕಾಲಘಟ್ಟದಲ್ಲಿ ಹೈದರಾಬಾದಿನ ಸಂಸ್ಥೆಯ ನಿರ್ದೇಶಕರಾಗಿ 1959ರಿಂದ 1966ರವರೆಗೆ ಕಾರ್ಯನಿರ್ವಹಿಸಿದವರು ವಿನಾಯಕ ಕೃಷ್ಣ ಗೋಕಾಕರು. ಕನ್ನಡದ ಕವಿ, ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿದ ಇಂಗ್ಲಿಷ್ ಪ್ರಾಧ್ಯಾಪಕ, ಹಲವು ಕಾಲೇಜುಗಳ ಪ್ರಾಂಶುಪಾಲರಾಗಿ ಅನುಭವವಿದ್ದ ಆಡಳಿತಗಾರ ಈ ಮೂವರೂ ಅವರಲ್ಲಿ ಸಂಗಮಿಸಿದ್ದರು. ಭಾರತದಲ್ಲಿ ಇಂಗ್ಲಿಷಿನ ವರ್ತಮಾನ ಹಾಗೂ ಭವಿಷ್ಯವನ್ನು ಕುರಿತು ಅವರು ಬರೆದ ಗ್ರಂಥವು 1964ರಲ್ಲಿ ಪ್ರಕಟವಾಯಿತು. ದೇಶದ ನಾನಾ ಭಾಗಗಳಿಂದ ಬಂದ ಅಧ್ಯಾಪಕರು ಅವರ ನೇತೃತ್ವದ ಸಂಸ್ಥೆಯಲ್ಲಿ ಧ್ವನಿಶಾಸ್ತ್ರ, ಭಾಷಾವಿಜ್ಞಾನ, ಬೋಧನಕ್ರಮಗಳಲ್ಲಿ ಶಿಕ್ಷಣ ಪಡೆದು ತಮ್ಮ ರಾಜ್ಯಗಳಿಗೆ ಮರಳಿದರು.

ಕನ್ನಡ ನಾಡಿನ ಸಾಮಾನ್ಯ ಸ್ಮರಣೆಯಲ್ಲಿ ಗೋಕಾಕರ ಹೆಸರು ಬೇರೊಂದು ಕಾರಣಕ್ಕೆ ಉಳಿದಿದೆ. 1980ರಲ್ಲಿ ರಾಜ್ಯ ಸರ್ಕಾರವು ನೇಮಿಸಿದ ಭಾಷಾ ಸಮಿತಿಯ ಅಧ್ಯಕ್ಷರಾಗಿ ಅವರು 1981ರಲ್ಲಿ ಸಲ್ಲಿಸಿದ ವರದಿಯು ಪ್ರೌಢಶಾಲೆಯಲ್ಲಿ ಕನ್ನಡವು ಏಕೈಕ ಪ್ರಥಮ ಭಾಷೆಯಾಗಿರಬೇಕೆಂದು ಶಿಫಾರಸು ಮಾಡಿತು. ಅದರ ಅನುಷ್ಠಾನಕ್ಕಾಗಿ 1982ರಲ್ಲಿ ನಡೆದ ಚಳವಳಿಯು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಭಾರತದ ಇಂಗ್ಲಿಷ್ ಅಧ್ಯಾಪಕರನ್ನು ತರಬೇತುಗೊಳಿಸಿದವರೇ ಕನ್ನಡದ ಪ್ರಥಮ ಸ್ಥಾನವನ್ನು ಪ್ರತಿಪಾದಿಸಿದುದು ಕೆಲವರಿಗೆ ವಿರೋಧಾಭಾಸವಾಗಿ ಕಾಣಬಹುದು. ಮೇಲೆ ವಿವರಿಸಿದ ಚಾರಿತ್ರಿಕ ಹಿನ್ನೆಲೆಯಲ್ಲಿ ನೋಡಿದಾಗ ಇದರಲ್ಲಿ ವಿರೋಧವಿಲ್ಲ. ಮಾತೃಭಾಷೆಯ ಶಿಕ್ಷಣ ಭದ್ರವಾಗಿರಬೇಕು. ಇಂಗ್ಲಿಷು ಎರಡನೆಯ ಭಾಷೆಯಾಗಿ ಸಮರ್ಥ ಅಧ್ಯಾಪಕರಿಂದ ಕಲಿಸಲ್ಪಡಬೇಕು. ಈ ಎರಡೂ ಒಂದೇ ಭಾಷಾನೀತಿಯ ಎರಡು ಮುಖಗಳಾಗಬಲ್ಲವು.

ತರಗತಿಯಿಂದ ಹೊರಗುಳಿದ ಕನ್ನಡ

ನೀತಿಯಲ್ಲಿ ಸಾಧ್ಯವಿದ್ದ ಈ ಸಾಮರಸ್ಯವು ತರಬೇತಿಯ ವಿವರಗಳಲ್ಲಿ ಸಿದ್ಧಿಸಲಿಲ್ಲ. ರಚನಾತ್ಮಕ ವಿಧಾನದ ಸಾಮಾನ್ಯ ಬೋಧನೆಯಲ್ಲಿ ಮಾತೃಭಾಷೆಯ ಬಳಕೆಯು ಆದಷ್ಟೂ ದೂರವಿಡಬೇಕಾದ ದೋಷವಾಗಿತ್ತು. ಅಧ್ಯಾಪಕನೂ ವಿದ್ಯಾರ್ಥಿಗಳೂ ಹಂಚಿಕೊಂಡಿದ್ದ ಏಕೈಕ ಪೂರ್ಣಭಾಷೆಯು ಹೀಗೆ ಪಾಠಯೋಜನೆಯಿಂದ ಹೊರಗುಳಿಯಿತು.

ಇದರ ಪರಿಣಾಮವನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯಬಹುದು. ಕನ್ನಡದಲ್ಲಿ ‘ಇದು ಪುಸ್ತಕ’ ಎಂಬುದು ಕ್ರಿಯಾಪದವಿಲ್ಲದೆಯೇ ಪೂರ್ಣವಾಗುವ ವಾಕ್ಯ. ಇಂಗ್ಲಿಷಿನಲ್ಲಿ ಅದೇ ಅರ್ಥಕ್ಕೆ ಕ್ರಿಯಾಪದವೂ ಬೇಕು, ನಾಮಪದದ ಹಿಂದೆ ಉಪಪದವೂ ಬೇಕು. ಮಗು ‘ದಿಸ್ ಬುಕ್’ ಎಂದು ನಿಲ್ಲಿಸಿದಾಗ ಅದು ಅಜಾಗರೂಕತೆಯಿಂದ ತಪ್ಪು ಮಾಡುತ್ತಿಲ್ಲ. ತನಗೆ ತಿಳಿದ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸುತ್ತಿದೆ. ಉಚ್ಚಾರಣೆಯಲ್ಲಿಯೂ ಹೀಗೆಯೇ. ವ್ಯಂಜನಾಂತ ಪದಗಳಿಗೆ ಸ್ವರವನ್ನು ಸೇರಿಸಿ ‘ಬಸ್ಸು’, ‘ಬುಕ್ಕು’, ‘ಬೆಂಚು’ ಎನ್ನುವುದು ಕನ್ನಡದ ಜಾಯಮಾನ. ಈ ವ್ಯತ್ಯಾಸವನ್ನು ಬಲ್ಲ ಕನ್ನಡಿಗ ಅಧ್ಯಾಪಕನು ತಪ್ಪಿನ ಮೂಲವನ್ನು ಒಂದು ಮಾತಿನಲ್ಲಿ ತೋರಿಸಬಲ್ಲನು. ಇಂಗ್ಲಿಷನ್ನಷ್ಟೇ ಬಲ್ಲ ಅಧ್ಯಾಪಕನಿಗೆ ಇದು ಸಾಧ್ಯವಾಗದು. ಭಾಷಾವಿಜ್ಞಾನಿಗಳು ಎರಡು ಭಾಷೆಗಳ ರಚನೆಗಳನ್ನು ಹೋಲಿಸುವ ಅಧ್ಯಯನಗಳನ್ನು ಆಗಲೇ ಬೆಳೆಸಿದ್ದರು. ಆದರೆ ಹಳ್ಳಿಯ ಅಧ್ಯಾಪಕನನ್ನು ತಲುಪಿದ ಸಂದೇಶವು ‘ಕನ್ನಡ ಬಳಸಬೇಡಿ’ ಎಂಬುದೇ ಹೊರತು ‘ನಿಮ್ಮ ಕನ್ನಡದ ಅರಿವನ್ನು ಹೀಗೆ ಬಳಸಿರಿ’ ಎಂಬುದಾಗಿರಲಿಲ್ಲ. ಅವನ ಬಲವನ್ನೇ ತರಬೇತಿಯು ಅವನ ದೌರ್ಬಲ್ಯವೆಂದು ಎಣಿಸಿತು.

ಬೆಂಗಳೂರು ಪ್ರಯೋಗ

1970ರ ದಶಕದ ಉತ್ತರಾರ್ಧದ ಹೊತ್ತಿಗೆ ರಚನಾತ್ಮಕ ವಿಧಾನದ ಬಗೆಗೆ ಅತೃಪ್ತಿ ವ್ಯಕ್ತವಾಗತೊಡಗಿತು. ವಾಕ್ಯಗಳನ್ನು ನಿರ್ದುಷ್ಟವಾಗಿ ಒಪ್ಪಿಸುತ್ತಿದ್ದ ವಿದ್ಯಾರ್ಥಿಯು ತರಗತಿಯ ಹೊರಗೆ ಅವನ್ನು ಬಳಸಲಾರದವನಾಗಿದ್ದನು. ಈ ಸಂದರ್ಭದಲ್ಲಿ ಬ್ರಿಟಿಷ್ ಕೌನ್ಸಿಲಿನ ಮದರಾಸು ಕಚೇರಿಯಲ್ಲಿದ್ದ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಸಹಯೋಗದಲ್ಲಿ 1979ರಿಂದ 1984ರವರೆಗೆ ನಡೆಸಿದ ಪ್ರಯೋಗವು ಜಗತ್ತಿನ ಭಾಷಾ ಬೋಧನೆಯ ಚರಿತ್ರೆಯಲ್ಲಿ ‘ಬೆಂಗಳೂರು ಪ್ರಾಜೆಕ್ಟ್’ ಎಂಬ ಹೆಸರಿನಿಂದ ಸ್ಥಾನ ಪಡೆದಿದೆ.

ಅರ್ಥದ ಕಡೆಗೆ ಮನಸ್ಸು ತೊಡಗಿದಾಗಲೇ ಭಾಷೆಯ ವ್ಯಾಕರಣವು ಒಳಗೊಳಗೆ ರೂಪುಗೊಳ್ಳುತ್ತದೆ ಎಂಬುದು ಈ ಪ್ರಯೋಗದ ಮೂಲ ಪ್ರಮೇಯ. ಅದರಂತೆ ವಾಕ್ಯರಚನೆಗಳ ಪಟ್ಟಿಯನ್ನು ಕೈಬಿಟ್ಟು, ರೈಲ್ವೆ ವೇಳಾಪಟ್ಟಿ, ಭೂಪಟ, ಶಾಲೆಯ ವೇಳಾಪಟ್ಟಿಗಳಂತಹ ಸಾಮಗ್ರಿಯನ್ನು ಆಧರಿಸಿದ ಚಟುವಟಿಕೆಗಳನ್ನು ಪಾಠದ ಘಟಕವನ್ನಾಗಿ ಮಾಡಲಾಯಿತು. ಮೊದಲು ಅಧ್ಯಾಪಕನು ಇಡೀ ತರಗತಿಯೊಡನೆ ಒಂದು ಸಮಸ್ಯೆಯನ್ನು ಪ್ರಶ್ನೋತ್ತರದ ಮೂಲಕ ಬಿಡಿಸುವನು; ಅನಂತರ ಅದೇ ಬಗೆಯ ಇನ್ನೊಂದು ಸಮಸ್ಯೆಯನ್ನು ವಿದ್ಯಾರ್ಥಿಯು ತಾನಾಗಿ ಬಿಡಿಸುವನು. ತರಗತಿಯಲ್ಲಿ ಏನು ನಡೆಯಿತು ಎಂಬುದನ್ನು ದಾಖಲಿಸಿ, ಪ್ರಾದೇಶಿಕ ಸಂಸ್ಥೆಯ ವಿಚಾರಸಂಕಿರಣಗಳಲ್ಲಿ ಸಹೋದ್ಯೋಗಿಗಳ ವಿಮರ್ಶೆಗೆ ಒಡ್ಡಲಾಗುತ್ತಿತ್ತು. ಬೆಂಗಳೂರು ಹಾಗೂ ಮದರಾಸು ಪ್ರದೇಶದ ಕೆಲವೇ ಶಾಲೆಗಳಲ್ಲಿ ನಡೆದ ಈ ಕಾರ್ಯವು ಸಂಖ್ಯೆಯ ದೃಷ್ಟಿಯಿಂದ ಮದರಾಸಿನ ಹಿಮದುಂಡೆಯ ಮುಂದೆ ನಗಣ್ಯ. ಆದರೆ ಇಲ್ಲಿ ತರಗತಿಯು ಆದೇಶವನ್ನು ಜಾರಿಗೊಳಿಸುವ ಸ್ಥಳವಾಗಿರಲಿಲ್ಲ, ಜ್ಞಾನವು ಹುಟ್ಟುವ ಸ್ಥಳವಾಗಿತ್ತು.

ಪ್ರಯೋಗದ ಮಿತಿಗಳೂ ದಾಖಲಾಗಿವೆ. ಅಲನ್ ಬೆರೆಟಾ ಮತ್ತು ಅಲನ್ ಡೇವೀಸ್ ಅವರು ನಡೆಸಿ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನವು ಪ್ರಯೋಗದ ಪ್ರತಿಪಾದನೆಗಳಿಗೆ ಎಚ್ಚರಿಕೆಯ ಮಾತುಗಳೊಡನೆ ಬೆಂಬಲವನ್ನು ನೀಡಿತು. ಅನುಷ್ಠಾನವನ್ನು ಕುರಿತು 1990ರಲ್ಲಿ ಬೆರೆಟಾ ಪ್ರಕಟಿಸಿದ ಅಧ್ಯಯನವು ತಜ್ಞ ತರಬೇತುದಾರರಿಗೆ ಸಾಧ್ಯವಾದುದು ಶಾಲೆಯ ಸಾಮಾನ್ಯ ಅಧ್ಯಾಪಕರಿಗೆ ಅಷ್ಟು ಸುಲಭವಾಗಿ ಸಾಧ್ಯವಾಗಲಿಲ್ಲವೆಂಬುದನ್ನು ತೋರಿಸಿತು. ಸಿದ್ಧ ವಾಕ್ಯಗಳ ಆಸರೆಯಿಲ್ಲದೆ, ವಿದ್ಯಾರ್ಥಿಯ ಉತ್ತರಕ್ಕೆ ತಕ್ಕಂತೆ ಇಂಗ್ಲಿಷಿನಲ್ಲಿ ಮುಂದುವರಿಯಬೇಕಾದ ತರಗತಿಯು ಅಧ್ಯಾಪಕನ ಭಾಷಾ ಸಾಮರ್ಥ್ಯದ ಮೇಲೆ ಹೆಚ್ಚಿನ ಭಾರವನ್ನು ಹೇರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಪ್ರಭು ಅವರು ತಮ್ಮ ಅನುಭವವನ್ನು 1987ರ ಗ್ರಂಥದಲ್ಲಿಯೂ 1990ರ ಒಂದು ಪ್ರಸಿದ್ಧ ಲೇಖನದಲ್ಲಿಯೂ ಪರಾಮರ್ಶಿಸಿದರು. ಎಲ್ಲ ಸಂದರ್ಭಗಳಿಗೂ ಸಲ್ಲುವ ಶ್ರೇಷ್ಠ ವಿಧಾನವೆಂಬುದು ಇಲ್ಲ. ಕಲಿಕೆ ಹೇಗೆ ನಡೆಯುತ್ತದೆ, ತನ್ನ ಬೋಧನೆಯು ಅದಕ್ಕೆ ಹೇಗೆ ಕಾರಣವಾಗುತ್ತದೆ ಎಂಬ ಬಗೆಗೆ ಅಧ್ಯಾಪಕನಲ್ಲಿರುವ ಸಜೀವವಾದ ತಿಳಿವಳಿಕೆಯೇ ಮುಖ್ಯ ಎಂಬುದು ಅವರು ತಲುಪಿದ ನಿಲುವು. ಆ ತಿಳಿವಳಿಕೆಯು ಹೆಪ್ಪುಗಟ್ಟಿದಾಗ ಉತ್ತಮ ವಿಧಾನವೂ ಯಾಂತ್ರಿಕವಾಗುತ್ತದೆ. ಹೊಸ ವಿಧಾನವೊಂದನ್ನು ಶೋಧಿಸಲು ಹೊರಟ ಪ್ರಯೋಗವು ವಿಧಾನಕ್ಕಿಂತ ಅಧ್ಯಾಪಕನ ವಿವೇಚನೆ ದೊಡ್ಡದು ಎಂಬ ತಿಳಿವಳಿಕೆಯಲ್ಲಿ ಕೊನೆಗೊಂಡಿತು ಎಂಬುದೇ ಅದರ ಹಿರಿಮೆ.

ಮತ್ತೆ ಸಂಖ್ಯೆಗಳ ಕಡೆಗೆ

ಈ ಪಾಠವು ಮುಂದಿನ ವ್ಯವಸ್ಥೆಯಲ್ಲಿ ಎಷ್ಟರಮಟ್ಟಿಗೆ ಉಳಿಯಿತು? 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಸ್ಥಾಪನೆಗೊಂಡವು. ಅನಂತರದ ಯೋಜನೆಗಳಲ್ಲಿ ತಾಲ್ಲೂಕು ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ಕೇಂದ್ರಗಳು ಬಂದವು. ತರಬೇತಿಯು ಅಧ್ಯಾಪಕನ ಸಮೀಪಕ್ಕೆ ಬಂದಿತೆಂಬುದು ಇದರ ಗುಣ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಅಡ್ಡಿಯೆಂದು ಭಾವಿಸದೆ ಸಂಪನ್ಮೂಲವೆಂದು ಪರಿಗಣಿಸಬೇಕೆಂದು ಸ್ಪಷ್ಟವಾಗಿ ಹೇಳಿತು. ಕನ್ನಡಿಗ ಅಧ್ಯಾಪಕನ ಕನ್ನಡಕ್ಕೆ ಇಂಗ್ಲಿಷ್ ತರಗತಿಯಲ್ಲಿ ಅರ್ಧ ಶತಮಾನದ ಬಳಿಕ ಸೈದ್ಧಾಂತಿಕ ಮನ್ನಣೆ ದೊರೆಯಿತು.

ಆದರೆ ಅದೇ ಹೊತ್ತಿನಲ್ಲಿ ಬೇಡಿಕೆಯ ಒತ್ತಡವು ಇಮ್ಮಡಿಯಾಯಿತು. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷು 2007-08ರಿಂದ ಒಂದನೆಯ ತರಗತಿಗೆ ಬಂದಿತು. ಮಾತೃಭಾಷಾ ಮಾಧ್ಯಮವನ್ನು ಸರ್ಕಾರವು ಕಡ್ಡಾಯಗೊಳಿಸುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ತೀರ್ಪು ನೀಡಿತು. 2019-20ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನು ತೆರೆಯುವ ಕ್ರಮ ಕೈಗೊಳ್ಳಲಾಯಿತು. ಈ ಪ್ರತಿಯೊಂದು ಹೆಜ್ಜೆಯ ಭಾರವನ್ನೂ ಹೊತ್ತವರು ಬಹುಮಟ್ಟಿಗೆ ತಾವೇ ಕನ್ನಡ ಮಾಧ್ಯಮದಲ್ಲಿ ಓದಿ ಬಂದ, ಎಲ್ಲ ವಿಷಯಗಳನ್ನೂ ಕಲಿಸುವ ಪ್ರಾಥಮಿಕ ಶಾಲಾ ಅಧ್ಯಾಪಕ, ಅಧ್ಯಾಪಕಿಯರು. ಕಾಲವು ಕಡಿಮೆ, ಸಂಖ್ಯೆಯು ದೊಡ್ಡದು ಎಂಬ ಸ್ಥಿತಿಯಲ್ಲಿ ತರಬೇತಿಯು ಮತ್ತೆ ಹಂತಹಂತವಾಗಿ ಕೆಳಗಿಳಿಯುವ ಹಳೆಯ ಮಾದರಿಯನ್ನೇ ಅವಲಂಬಿಸಿತು. ಹಿಮದುಂಡೆಯ ಹೆಸರು ಮರೆತುಹೋಗಿದ್ದರೂ ಅದರ ಉರುಳುವಿಕೆ ನಿಂತಿರಲಿಲ್ಲ.

ಪ್ರತಿಯೊಬ್ಬ ಅಧ್ಯಾಪಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಅಭಿವೃದ್ಧಿಯ ಅವಕಾಶವಿರಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಸೂಚಿಸಿತು. ಗಂಟೆಗಳನ್ನು ಎಣಿಸುವುದು ಸುಲಭ. ಆ ಗಂಟೆಗಳಲ್ಲಿ ಅಧ್ಯಾಪಕನು ಇನ್ನೊಬ್ಬರ ಮಾತನ್ನು ಕೇಳಿ ಸಹಿ ಹಾಕಿ ಬರುವನೋ ಅಥವಾ ತನ್ನ ತರಗತಿಯ ಒಂದು ಸಮಸ್ಯೆಯನ್ನು ಸಹೋದ್ಯೋಗಿಗಳ ಮುಂದಿಟ್ಟು ಚರ್ಚಿಸುವನೋ ಎಂಬುದನ್ನು ಸಂಖ್ಯೆಯು ಹೇಳಲಾರದು.

ಸಮಾರೋಪ

ಈ ಏಳು ದಶಕಗಳ ಅನುಭವದಿಂದ ಮೂರು ತೀರ್ಮಾನಗಳನ್ನು ಪಡೆಯಬಹುದು. ಮೊದಲನೆಯದಾಗಿ, ಇಂಗ್ಲಿಷ್ ಅಧ್ಯಾಪಕರ ತರಬೇತಿಯು ಈ ನಾಡಿನಲ್ಲಿ ದೇಶಭಾಷಾ ಮಾಧ್ಯಮದ ಜೊತೆಯಲ್ಲಿ ಬೆಳೆದುದು. ಆದ್ದರಿಂದ ಒಂದರ ಪರವಾದ ವಾದವು ಇನ್ನೊಂದರ ವಿರುದ್ಧದ ವಾದವಾಗಬೇಕಾಗಿಲ್ಲ. ಎರಡನೆಯದಾಗಿ, ಅಧ್ಯಾಪಕನ ಮಾತೃಭಾಷಾ ಜ್ಞಾನವನ್ನು ಕಡೆಗಣಿಸಿದ ತರಬೇತಿಯು ಅವನ ಅತ್ಯಂತ ವಿಶ್ವಾಸಾರ್ಹವಾದ ಸಾಧನವನ್ನೇ ಕಿತ್ತುಕೊಂಡಿತು. ಮೂರನೆಯದಾಗಿ, ವಿಧಾನಗಳು ಹಂತದಿಂದ ಹಂತಕ್ಕೆ ಇಳಿದು ಬರಬಹುದು, ವಿವೇಚನೆಯು ಹಾಗೆ ಇಳಿದು ಬರುವುದಿಲ್ಲ. ಅದು ಪ್ರತಿ ತರಗತಿಯಲ್ಲಿಯೂ ಹೊಸದಾಗಿ ಬೆಳೆಯಬೇಕಾದುದು.

ಒಂದನೆಯ ತರಗತಿಯ ಮಗುವಿನ ಮುಂದೆ ನಿಂತ ಹಳ್ಳಿಯ ಅಧ್ಯಾಪಕಿಗೆ ಬೇಕಾಗಿರುವುದು ಮತ್ತೊಂದು ಹೊಸ ವಿಧಾನದ ಕೈಪಿಡಿ ಮಾತ್ರವಲ್ಲ. ತನ್ನ ಇಂಗ್ಲಿಷನ್ನು ನಾಚಿಕೆಯಿಲ್ಲದೆ ಬೆಳೆಸಿಕೊಳ್ಳುವ ಅವಕಾಶ, ತನ್ನ ಕನ್ನಡವನ್ನು ಅಂಜಿಕೆಯಿಲ್ಲದೆ ಬಳಸುವ ಸ್ವಾತಂತ್ರ್ಯ, ತಾನು ಕಂಡದ್ದನ್ನು ಕೇಳುವ ಸಹೋದ್ಯೋಗಿಗಳ ಬಳಗ ಇವು ಆಕೆಗೆ ದೊರೆಯಬೇಕು. 1963ರಲ್ಲಿ ಬೆಂಗಳೂರಿನಲ್ಲಿ ಸಂಸ್ಥೆಯೊಂದು ಆರಂಭವಾದುದು, ಅದರ ಆಶ್ರಯದಲ್ಲಿಯೇ 1979ರಲ್ಲಿ ಪ್ರಯೋಗವೊಂದು ಮೊಳೆತುದು ಇದು ಸಾಧ್ಯವೆಂಬುದಕ್ಕೆ ಸಾಕ್ಷಿ. ಆ ಸಾಧ್ಯತೆಯನ್ನು ಕೆಲವೇ ತರಗತಿಗಳ ಗಡಿಯಿಂದ ಆಚೆಗೆ ವಿಸ್ತರಿಸುವ ಕಾರ್ಯವು ಇನ್ನೂ ಉಳಿದಿದೆ.